ಪಾಮರ್ಸ್ಟನ್ ನಾರ್ತಿನ ಅವಿರೋಧ ಆಯ್ಕೆ

ಹೋದ ಆಗಸ್ಟಿನಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಮಗಳಿಗೆ ವಿಶ್ವವಿದ್ಯಾಲಯ ತೋರಿಸಲೆಂದು ಪಾಮರ್ಸ್ಟನ್ ನಾರ್ತಿಗೆ ಹೋಗಿದ್ದೆ. ಈಗ ನಾವಿರುವ ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಿಂದ ಹೊರಟರೆ ಒಂದು ಹಗಲು ಪೂರ್ತಿ ಕಾರಿನಲ್ಲೇ ಕಳೆಯುತ್ತದೆ. ಹೊಸದಾಗಿ ಸೇರುವ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೂರಿಸಿದ್ದ ಸಭಾಂಗಣದ ಬಾಗಿಲು ತಳ್ಳಿದೆನೋ ಇಲ್ಲವೋ, ಗ್ಯಾಸ್ ಹೀಟರಿನ ವಾಸನೆಯೂ ಒದ್ದೆಯಾದ ಉಣ್ಣೆ ಕೋಟುಗಳ ವಾಸನೆಯೂ ಕಲಸಿಕೊಂಡು ಮೂಗಿಗೆ ಬಡಿದವು. ಅನಘಾ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಳು. ನನಗೆ ಒಳಗೆ ನಿಲ್ಲಲಾಗಲಿಲ್ಲ. “ಅಮ್ಮಾ, ಆರ್ ಯು ಓಕೆ?” ಎಂದು ತಿರುಗಿ ಕೇಳಿದಳು. ತಲೆನೋವು ಎಂದು ಸುಳ್ಳು ಹೇಳಿ ಹೊರಗೆ ಬಂದು ಗಾಳಿಯಲ್ಲಿ ನಿಂತೆ. ಆ ಊರಿನಲ್ಲಿ ಯಾವುದಕ್ಕೆ ಬರವಿದ್ದರೂ ಗಾಳಿಗೆ ಬರವಿಲ್ಲ.

ಎರಡು ಸಾವಿರದ ಹನ್ನೆರಡರ ಚಳಿಗಾಲದಲ್ಲಿ, ಇದೇ ವಾಸನೆಯ ಇನ್ನೊಂದು ಸಭಾಂಗಣದಲ್ಲಿ, ಆಗ ನಾವಿದ್ದ ಆ ಊರಿನ ಪುಟ್ಟ ಕನ್ನಡ ಸಂಘದ ಮೊಟ್ಟಮೊದಲ ಚುನಾವಣೆ ನಡೆದಿತ್ತು. ನಡೆದಿತ್ತು ಎನ್ನುವುದೂ ಅಷ್ಟು ಸರಿಯಲ್ಲ, ಏಕೆಂದರೆ ಅಲ್ಲಿ ಒಂದೇ ಒಂದು ಮತ ಬೀಳಲಿಲ್ಲ. ಆದರೂ ನಾನು ಕಂಡ ಚುನಾವಣೆಗಳಲ್ಲೆಲ್ಲ ಅಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ನೂರು ವರ್ಷ ಹಿಂದಿನ ಅಮೆರಿಕದ ಚುನಾವಣೆಗಳನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಅಮೆರಿಕ ಇದರಲ್ಲಿ ಹೇಗೆ ಬಂತೆಂದರೆ, ಅದು ನನ್ನ ಓದಿನ ವಿಷಯ. ನನ್ನ ಗಂಡ ಶ್ರೀಧರ ಹಾಲಿನ ಪುಡಿಯ ಮೇಲೆ ಸಂಶೋಧನೆ ಮಾಡುವ ಎಂಜಿನಿಯರು. ಮೈಸೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡಿಕೊಂಡಿದ್ದ ನಾನು ಅವರ ಹಿಂದೆ ಬಂದು, ಮನೆಯಲ್ಲಿ ಕುಳಿತು ಹುಚ್ಚು ಹಿಡಿಯುವ ಮೊದಲು ಪಿಎಚ್‌ಡಿಗೆ ಸೇರಿಕೊಂಡೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸುಧಾರಕರು ನ್ಯೂಜಿಲೆಂಡಿನ ಕಡೆ ಬೆರಗಿನಿಂದ ನೋಡುತ್ತಿದ್ದರು. ಹೆಂಗಸರಿಗೆ ವೋಟು ಕೊಟ್ಟಿದೆ, ವಯಸ್ಸಾದವರಿಗೆ ಪಿಂಚಣಿ ಕೊಟ್ಟಿದೆ, ಇಷ್ಟು ಸಣ್ಣ ದೇಶ ಮಾಡಿದ್ದನ್ನು ನಾವೇಕೆ ಮಾಡಬಾರದು ಎಂದು ಬರೆಯುತ್ತಿದ್ದರು. ಅವರು ಇಲ್ಲಿಂದ ಏನು ಕಲಿತರು, ಏನನ್ನು ಕಲಿಯಲಿಲ್ಲ ಎನ್ನುವುದು ನನ್ನ ಪ್ರಬಂಧ. ಮೈಸೂರಿನವಳು ನ್ಯೂಜಿಲೆಂಡಿನಲ್ಲಿ ಕುಳಿತು ಅಮೆರಿಕದ ಬಗ್ಗೆ ಬರೆಯುತ್ತಾಳೆ ಎಂದು ನಮ್ಮತ್ತೆ ಫೋನಿನಲ್ಲಿ ನಗುತ್ತಿದ್ದರು.

ಸಂಘಕ್ಕೆ ಚುನಾವಣೆಯ ಅಗತ್ಯವೇ ಬಿದ್ದಿರಲಿಲ್ಲ. ಅಧ್ಯಕ್ಷರು ಹುಬ್ಬಳ್ಳಿಯ ಡಾಕ್ಟರ್ ಪಾಟೀಲರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವವರು. ಅವರ ಭಾಷಣಕ್ಕೂ ಅದೇ ಗುಣವಿದೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಪ್ರತಿ ವರ್ಷದ ಸಭೆಯಲ್ಲೂ ಯಾರಾದರೊಬ್ಬರು ಎದ್ದು “ಸರ್ ಅವ್ರೇ ಮುಂದುವರೀಲಿ” ಎನ್ನುವುದು, ಅವರು ಕೈ ಅಡ್ಡ ಮಾಡಿ “ಬ್ಯಾಡ್ರಿ, ನಂದು ಸಾಕಾತು, ಯಾರರ ಹುಡುಗ್ರು ಮಾಡ್ರಿ” ಎನ್ನುವುದು. ಇನ್ನೊಬ್ಬರು ಒತ್ತಾಯ ಮಾಡಬೇಕು, ಅವರು ಇನ್ನೊಮ್ಮೆ ಬ್ಯಾಡ ಅನ್ನಬೇಕು. ಮೂರನೆಯ ಸಲಕ್ಕೆ ಹೆಂಗಸರು ಚಪ್ಪಾಳೆ ಶುರು ಮಾಡಿದರೆ ಡಾಕ್ಟರು ಸೋತವರ ಹಾಗೆ ನಿಟ್ಟುಸಿರು ಬಿಟ್ಟು “ಆತು, ನೀವು ಹೇಳ್ತೀರಿ ಅಂತ” ಎನ್ನುವರು. ಅವರಿಗೆ ಬೇಕಿತ್ತೆಂಬುದು ನಮಗೆಲ್ಲ ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಬೀಗರ ಮನೆಯಲ್ಲಿ ಎರಡನೆಯ ಒಬ್ಬಟ್ಟಿಗೆ ಕೈ ಅಡ್ಡ ಹಿಡಿಯುವುದಿಲ್ಲವೇ, ಇದೂ ಹಾಗೇ.

ಸಂಘದ ಕೆಲಸವನ್ನೆಲ್ಲ ನಿಜವಾಗಿ ಹೊತ್ತಿದ್ದವರು ಸ್ಟೆಲ್ಲಾ ಆಂಟಿ. ಬಂಟ್ವಾಳದ ಕಡೆಯವರು, ನರ್ಸ್. ವಯಸ್ಸಾದವರ ರೆಸ್ಟ್ ಹೋಮ್ ಒಂದರಲ್ಲಿ ಕೆಲಸ. ಗಂಡ ತೀರಿಕೊಂಡಿದ್ದರು, ಮಗ ಕ್ರೈಸ್ಟ್‌ಚರ್ಚಿನಲ್ಲಿದ್ದ. ಹಾಲ್ ಗೊತ್ತು ಮಾಡುವುದು, ಹೊಸದಾಗಿ ಊರಿಗೆ ಬಂದವರಿಗೆ ಪಾತ್ರೆ ಹಾಸಿಗೆ ಹೊಂದಿಸಿ ಕೊಡುವುದು, ಬಾಣಂತಿಯರ ಮನೆಗೆ ಮೆಣಸಿನ ಸಾರು ಮುಟ್ಟಿಸುವುದು, ಎಲ್ಲ ಅವರದೇ. ಎಲ್ಲಕ್ಕಿಂತ ಹೆಚ್ಚಾಗಿ ಶನಿವಾರದ ಕನ್ನಡ ತರಗತಿ. ತಮ್ಮ ಗ್ಯಾರೇಜಿನಿಂದ ಕಾರು ಹೊರಗೆ ನಿಲ್ಲಿಸಿ, ನೆಲಕ್ಕೆ ಹಳೆಯ ಕಾರ್ಪೆಟ್ ಹಾಸಿ, ಅಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಅವರ ಅಮ್ಮ ಊರಿನಲ್ಲಿ ಕನ್ನಡ ಟೀಚರ್ ಆಗಿದ್ದವರು. ನಮ್ಮ ಅನಘಾ ಒತ್ತಕ್ಷರ ಕಲಿತದ್ದು ಆ ಗ್ಯಾರೇಜಿನಲ್ಲಿ. ನಾನು ಕಲಿಸಲು ಕುಳಿತರೆ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು.

ಮಗಳನ್ನು ಕರೆದುಕೊಂಡು ಬರಲು ಹೋದಾಗ ಸ್ಟೆಲ್ಲಾ ಆಂಟಿ ಸುಮ್ಮನೆ ಕಳಿಸುತ್ತಿರಲಿಲ್ಲ. ಚಹಾ ಮಾಡಿ, ಎದುರಿಗೆ ಕೂರಿಸಿಕೊಂಡು, “ಇವತ್ತು ನಿಮ್ಮ ಅಧ್ಯಕ್ಷರುಗಳು ಎಂತ ಮಾಡ್ತಿದ್ದಾರೆ?” ಎಂದು ಕೇಳುತ್ತಿದ್ದರು. ಅಮೆರಿಕದ ಆ ಅಧ್ಯಕ್ಷರ ಹೆಸರುಗಳು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ಅದಕ್ಕೆ ಅವರೇ ಗುರುತು ಇಟ್ಟುಕೊಂಡಿದ್ದರು. ನನ್ನ ಪುಸ್ತಕದ ಚಿತ್ರದಲ್ಲಿ ಹಲ್ಲೆಲ್ಲ ತೋರಿಸಿ ನಗುತ್ತಿದ್ದವನು ಹಲ್ಲಿನ ಅಧ್ಯಕ್ಷ, ಅವನು ತಂದು ಕೂರಿಸಿದ ಗೆಳೆಯ ದಪ್ಪ ಅಧ್ಯಕ್ಷ, ಇವರಿಬ್ಬರ ಜಗಳದಲ್ಲಿ ಗೆದ್ದ ಮೂರನೆಯವನು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು, ಮೇಷ್ಟ್ರು ಅಧ್ಯಕ್ಷ. ಹಲ್ಲಿನ ಅಧ್ಯಕ್ಷ ಚುನಾವಣೆ ಗೆದ್ದ ರಾತ್ರಿಯೇ, ಮುಂದಿನ ಸಲ ಖಂಡಿತ ನಿಲ್ಲುವುದಿಲ್ಲ ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟ, ಆಮೇಲೆ ಬಾಳೆಲ್ಲ ಅದಕ್ಕಾಗಿ ಪೇಚಾಡಿಕೊಂಡ ಎಂದಾಗ ಅವರಿಗೆ ನಂಬಲಾಗಲಿಲ್ಲ.

“ಅದೆಂತ ಮಾರಾಯ್ತಿ? ಅವ ಹೇಳಿದ್ದು ಸರಿ, ಇವರು ಬಿಟ್ಟದ್ದಾ ಹಾಗೇ? ಯಾರೂ ಒತ್ತಾಯ ಮಾಡ್ಲಿಲ್ವಾ?”

“ಅಲ್ಲಿ ಹಾಗಿಲ್ಲ ಆಂಟಿ. ಹೇಳಿದ್ದು ಅಚ್ಚಾಯ್ತು ಅಂದ್ರೆ ಮುಗೀತು.”

“ಪಾಪ” ಎಂದರು. ಹಲ್ಲಿನ ಅಧ್ಯಕ್ಷನಿಗೆ ಮರುಕ ತೋರಿದವರು ನನ್ನ ಅಷ್ಟು ಓದಿನಲ್ಲಿ ಬೇರೆ ಯಾರೂ ಸಿಕ್ಕಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಡಾಕ್ಟರ್ ಪಾಟೀಲರು ನಿಜವಾಗಿಯೇ ಸಾಕು ಎಂದರು. ಅವರಿಗೆ ಆಕ್ಲೆಂಡಿಗೆ ವರ್ಗವಾಗುವುದಿತ್ತು. ಮುಂದೆ ಯಾರು ಎಂಬ ಪ್ರಶ್ನೆಯೇ ಇರಲಿಲ್ಲ. ಸ್ಟೆಲ್ಲಾ ಆಂಟಿ ಅಲ್ಲದೆ ಇನ್ನಾರು ಎಂದು ಡಾಕ್ಟರೇ ನಾಲ್ಕು ಮನೆಯಲ್ಲಿ ಹೇಳಿದ್ದರು. ಮೊದಲ ಬಾರಿ ಒಬ್ಬ ಹೆಂಗಸು ಅಧ್ಯಕ್ಷೆಯಾಗುತ್ತಾಳೆ ಎಂದು ನಾನೂ ಹಿಗ್ಗಿದ್ದೆ. ಒಂದು ಶನಿವಾರ ಚಹಾದ ಹೊತ್ತಿಗೆ ಅವರು ನನ್ನನ್ನು ಒಳಗಿನ ಕೋಣೆಗೆ ಕರೆದು, ಮಂಚದ ಮೇಲೆ ಹರಡಿದ್ದ ಹಸಿರು ಮೈಸೂರು ಸಿಲ್ಕ್ ಸೀರೆ ತೋರಿಸಿದರು. ರಾಜ್ಯೋತ್ಸವಕ್ಕೆಂದು ತಂಗಿಯ ಕೈಯಲ್ಲಿ ಹೇಳಿ ತರಿಸಿದ್ದರಂತೆ. ಹೇಳುವಾಗಲೇ ಅವರ ಮುಖ ಕೆಂಪಾಯಿತು.

“ನಗ್ಬೇಡಿ ಆಯ್ತಾ ವಸುಧಾ. ಊರಲ್ಲಿ ನಾವು ಕೊಂಕಣಿಯವರು ಅಂತ ಹೇಳ್ತಾರೆ. ಇಲ್ಲಿ ಸಂಘದಲ್ಲಿಯೂ ಹೊಸತಾಗಿ ಬಂದವರು ಕೇಳ್ತಾರೆ, ನಿಮ್ಮ ಮನೆಮಾತು ಕನ್ನಡ ಅಲ್ಲ ಅಲ್ವಾ ಅಂತ. ಹೌದು, ಅಲ್ಲ. ಆದ್ರೆ ನನ್ನ ಅಮ್ಮ ಕಲಿಸಿದ್ದು ಕನ್ನಡ, ನಾನು ಕಲಿಸುದು ಕನ್ನಡ. ಒಂದು ವರ್ಷವಾದ್ರೂ ಆ ಕುರ್ಚಿಯಲ್ಲಿ ಕೂತ್ಕೊಂಡ್ರೆ ಮತ್ತೆ ಯಾರೂ ಕೇಳುದಿಲ್ಲ. ಆಸೆ ಉಂಟು. ನೀವು ಯಾರ ಹತ್ರವೂ ಹೇಳ್ಬೇಡಿ.”

ನಾನು ಹೇಳಲಿಲ್ಲ. ಯಾರಿಗಾದರೂ ಹೇಳಬೇಕಿತ್ತೋ ಏನೋ ಎಂದು ಈಗಲೂ ಅನ್ನಿಸುತ್ತದೆ, ಆದರೆ ಹೇಳಿದ್ದರೆ ಅದನ್ನೇ ಹಿಡಿದು ಇನ್ನೊಂದು ರೀತಿ ಆಡಿಕೊಳ್ಳುತ್ತಿದ್ದರು.

ಅದೇ ಹೊತ್ತಿಗೆ ನವೀನನ ಸುಧಾರಣೆ ಶುರುವಾಯಿತು. ನವೀನ್ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಬಂದು ಎರಡು ವರ್ಷವಾಗಿತ್ತು. ಚುರುಕು, ಮಾತುಗಾರ, ಯಾರ ಮನೆ ಬದಲಾಯಿಸುವುದಿದ್ದರೂ ಮೊದಲು ಬಂದು ಮಂಚ ಎತ್ತುವವನು. ಅವನನ್ನು ಕೆಟ್ಟವನೆಂದು ಬರೆದರೆ ನನ್ನ ಕೆಲಸ ಸುಲಭವಾಗುತ್ತಿತ್ತು, ಆದರೆ ಅವನು ಕೆಟ್ಟವನಲ್ಲ. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಗಟ್ಟಿಯಾಗಿ ನಂಬಿದ್ದ. ಅಂಥವರ ಜೊತೆ ಏಗುವುದು ಹೆಚ್ಚು ಕಷ್ಟ.

“ಚಪ್ಪಾಳೆ ತಟ್ಟಿ ಪ್ರೆಸಿಡೆಂಟ್ ಮಾಡೋದು ಯಾವ ಕಾಲದ್ದು ಮೇಡಂ?” ಎಂದು ನನ್ನಲ್ಲಿಗೇ ಬಂದ. “ಸೀಕ್ರೆಟ್ ಬ್ಯಾಲೆಟ್ ಇರ್ಬೇಕು, ಹೆಸರು ಸೂಚಿಸ್ಬೇಕು, ಅನುಮೋದಿಸ್ಬೇಕು, ನಿಲ್ಲೋರು ಬಾಯ್ಬಿಟ್ಟು ಒಪ್ಕೋಬೇಕು. ನೀವು ಓದ್ತಿರೋದೂ ಇದನ್ನೇ ಅಲ್ವಾ?”

ನಾನು ಓದುತ್ತಿದ್ದದ್ದು ಅದನ್ನೇ. ಬಾಗಿಲು ಮುಚ್ಚಿ ನಾಲ್ಕು ಜನ ಯಜಮಾನರು ಅಭ್ಯರ್ಥಿಯನ್ನು ಆರಿಸುವ ಬದಲು ಜನರೇ ಆರಿಸಬೇಕು ಎಂದು ಆ ಸುಧಾರಕರು ಊರೂರು ತಿರುಗಿ ಹೇಳಿದ್ದರು. ಹೇಳಿದ್ದು ಸರಿಯೇ ಇತ್ತು. ನವೀನ್ ಹೇಳಿದ್ದೂ ಸರಿಯೇ ಇತ್ತು. ಹೊಸ ನಿಯಮಗಳಿಗೆ ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಶ್ರೀಧರನನ್ನು ಚುನಾವಣಾಧಿಕಾರಿ ಮಾಡಿದರು. ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುವ ಸ್ವಭಾವದವರು, ಯಾರಿಗೂ ತಕರಾರಿರಲಿಲ್ಲ.

ಸಭೆಗೆ ಒಂದು ವಾರ ಮುಂಚೆ ನವೀನ್ ಮನೆಗೆ ಬಂದ. ಶ್ರೀಧರ ಅಡುಗೆಮನೆಯ ಮೇಜಿನ ಮೇಲೆ ಐಸ್‌ಕ್ರೀಮಿನ ಡಬ್ಬಿಯ ಮುಚ್ಚಳವನ್ನು ಚಾಕುವಿನಿಂದ ಸೀಳಿ ಮತಪೆಟ್ಟಿಗೆ ಮಾಡುತ್ತಿದ್ದರು. ನಾನು ಬೆನ್ನು ತಿರುಗಿಸಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ನವೀನ್ ದನಿ ತಗ್ಗಿಸಿದ.

“ಸ್ಟೆಲ್ಲಾ ಆಂಟಿ ಬಗ್ಗೆ ನಂಗೆ ತುಂಬಾ ರೆಸ್ಪೆಕ್ಟ್ ಇದೆ ಶ್ರೀಧರ್. ಆದ್ರೆ ಯೋಚ್ನೆ ಮಾಡಿ. ರಾಜ್ಯೋತ್ಸವದಲ್ಲಿ ಭುವನೇಶ್ವರಿ ಪಟಕ್ಕೆ ಪೂಜೆ ಮಾಡ್ಬೇಕು, ದೀಪ ಹಚ್ಬೇಕು, ಗಣೇಶನ ಹಬ್ಬ ಬರತ್ತೆ. ಅವ್ರಿಗೇ ಮುಜುಗರ ಅಲ್ವಾ? ನಮಗೇನಿಲ್ಲ, ಅವ್ರಿಗೋಸ್ಕರ ಹೇಳ್ತಿರೋದು.”

ಶ್ರೀಧರ ಮುಚ್ಚಳದ ಸೀಳನ್ನು ಇನ್ನಷ್ಟು ಅಗಲ ಮಾಡಿದರು. ನಾನು ಸೌಟು ಕೆಳಗಿಟ್ಟು ತಿರುಗಿದೆ. “ಆ ಪಟಕ್ಕೆ ಪ್ರತಿ ವರ್ಷ ಹಾರ ಕಟ್ಟೋದು ಯಾರು ನವೀನ್? ತಮ್ಮ ಹಿತ್ತಲಿನ ಗುಲಾಬಿ ಕಿತ್ತು ಅವರೇ ಕಟ್ಟೋದು. ಅವಾಗ ಮುಜುಗರ ಆಗಲ್ವಾ?”

“ಅಯ್ಯೋ ಮೇಡಂ, ನೀವು ಬೇರೆ ಥರ ತಗೋಬೇಡಿ” ಎಂದು ನಕ್ಕ. ಹುಳಿ ಚೆನ್ನಾಗಿದೆ ಎಂದು ಹೊಗಳಿ, ಊಟ ಮಾಡಿಕೊಂಡು ಹೋದ.

ಸಭೆಯ ಭಾನುವಾರ ಮಧ್ಯಾಹ್ನ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಎಲ್ಲರೂ ಒದ್ದೆ ಕೋಟುಗಳನ್ನು ಕುರ್ಚಿಗಳ ಬೆನ್ನಿಗೆ ನೇತುಹಾಕಿ ಹೀಟರಿನ ಕಡೆ ಸರಿದು ಕುಳಿತಿದ್ದರು. ಸ್ಟೆಲ್ಲಾ ಆಂಟಿ ಬೆಳಗಿನ ಪಾಳಿ ಮುಗಿಸಿ ನೇರ ಬಂದಿದ್ದರು. ಆದರೆ ಯೂನಿಫಾರ್ಮಿನಲ್ಲಿರಲಿಲ್ಲ, ಎಲ್ಲಿಯೋ ಬಟ್ಟೆ ಬದಲಾಯಿಸಿಕೊಂಡು, ಮುಖ ತೊಳೆದು ಬಂದಿದ್ದರು. ಸೀರೆಯನ್ನು ಉಡಲಿಲ್ಲ, ಅದನ್ನು ರಾಜ್ಯೋತ್ಸವಕ್ಕೆ ಎತ್ತಿಟ್ಟಿದ್ದರು.

ಡಾಕ್ಟರ್ ಪಾಟೀಲರು ಎದ್ದು ನಿಂತು, “ನಾ ಅಂತೂ ಹೊಂಟೀನಿ. ನಮ್ಮ ಸ್ಟೆಲ್ಲಾ ಅವರ ಹೆಸರು ಹೇಳ್ತೀನಿ, ಅವರಿಗಿಂತ ಬೇರೆ ಯಾರೂ ನನಗ ಕಾಣಂಗಿಲ್ಲ” ಎಂದರು. ಚಪ್ಪಾಳೆ ಬಿತ್ತು. ನಾನು ಅನುಮೋದಿಸಿದೆ. ಎಲ್ಲರೂ ಸ್ಟೆಲ್ಲಾ ಆಂಟಿಯ ಕಡೆ ನೋಡಿದರು. ಅವರು ತಲೆ ತಗ್ಗಿಸಿ, ಸೆರಗಿಲ್ಲದ ಹೆಗಲನ್ನೇ ಒಮ್ಮೆ ಸವರಿಕೊಂಡು, ಮನೆತನಸ್ಥ ಹೆಂಗಸೊಬ್ಬಳು ಏನು ಹೇಳಬೇಕೋ ಅದನ್ನೇ ಹೇಳಿದರು.

“ನನಗೆಂತಕ್ಕೆ ಮಾರಾಯ್ರೆ? ಬೇಡ ಬೇಡ, ಬೇರೆ ಯಾರಾದ್ರೂ ಆಗ್ಲಿ.”

ಆಗ ಎರಡನೆಯವರು ಏಳಬೇಕಿತ್ತು. ಅಷ್ಟು ವರ್ಷ ಎದ್ದಿದ್ದರು. ಅದಕ್ಕಿಂತ ಮೊದಲು ನವೀನ್ ಎದ್ದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೆತ್ತಗಿನ ದನಿ.

“ಆಂಟಿ ಡಿಸಿಷನ್ನ ನಾವು ಗೌರವಿಸ್ಬೇಕು. ಬೇಡ ಅಂತಿದಾರೆ. ಶ್ರೀಧರ್, ವಿತ್‌ಡ್ರಾ ಅಂತ ಬರ್ಕೊಳಿ.”

ನನ್ನ ಗಂಡ ಬರೆದುಕೊಂಡರು. ಆ ಪೆನ್ನಿನ ಸದ್ದು ನನಗೆ ಕೇಳಿಸಿತು ಎಂದರೆ ಸುಳ್ಳಾಗುತ್ತದೆ, ಮಳೆ ಅಷ್ಟು ಜೋರಾಗಿತ್ತು. ಆದರೆ ಅವರು ಬಗ್ಗಿ ಬರೆದದ್ದನ್ನು ಕಣ್ಣಾರೆ ಕಂಡೆ.

“ಏ, ಹಂಗಲ್ಲೋ ತಮ್ಮಾ” ಎಂದರು ಡಾಕ್ಟರು. “ಮಂದಿ ಹಂಗ ಅಂತಾರ. ನಾನೂ ಅಂದೀನಿ.”

“ಅದಕ್ಕೇ ಅಲ್ವಾ ಸರ್ ರೂಲ್ಸ್ ಮಾಡಿದ್ದು? ನೀವೂ ಕೈ ಎತ್ತಿದ್ರಿ.”

ನಾನು ಎದ್ದೆ. “ಹೆಸರನ್ನ ಮತ್ತೆ ಸೂಚಿಸ್ತೀನಿ. ಅದು ಬೇಡ ಅನ್ನೋ ಬೇಡ ಅಲ್ಲ ಅಂತ ಇಲ್ಲಿರೋ ಎಲ್ರಿಗೂ ಗೊತ್ತು.”

“ಸೂಚಿಸಿ ಮೇಡಂ, ನನ್ನದೇನೂ ಅಭ್ಯಂತರ ಇಲ್ಲ” ಎಂದ ನವೀನ್. “ಆಂಟಿ ಯೆಸ್ ಅಂದ್ರೆ ಸಾಕು. ನಂಗೆ ಬೇಕು ಅಂತ ಒಂದು ಮಾತು ಹೇಳ್ಲಿ.”

ಸಭೆಗೆ ಸಭೆಯೇ ತಿರುಗಿ ಅವರನ್ನು ನೋಡಿತು. ಒಂದು ಮಾತು. ನನ್ನ ಮಗಳಾಗಿದ್ದರೆ ಎರಡು ಸಲ ಹೇಳುತ್ತಿದ್ದಳು, ಅವಳು ಇಲ್ಲಿ ಬೆಳೆದವಳು. ಆದರೆ ಕುರ್ಚಿ ನನಗೆ ಬೇಕು ಎಂದು ನಾಲ್ಕು ಜನರೆದುರು ಬಾಯಿ ಬಿಟ್ಟು ಕೇಳುವವಳು ಎಂಥ ಹೆಂಗಸು ಎಂಬುದನ್ನು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿಟ್ಟಿದ್ದಾರೆ. ಅವರಿಗಂತೂ ಇನ್ನೊಂದು ಹೆದರಿಕೆಯಿತ್ತು. ಅವರು ಬೇಕು ಎಂದಿದ್ದರೆ, ನೋಡಿದಿರಾ, ಇವರಿಗೆಷ್ಟು ಆಸೆ ಎಂದು ಸಂಜೆಯೊಳಗೆ ಮನೆಮನೆಯಲ್ಲಿ ಮಾತಾಗುತ್ತಿತ್ತು. ಆ ‘ಇವರಿಗೆ’ ಎನ್ನುವುದರಲ್ಲಿ ಏನೇನು ಅಡಗಿರುತ್ತದೆಂದು ಅವರಿಗೆ ಗೊತ್ತಿತ್ತು. ಅವರ ತುಟಿ ಅಲುಗಿತು. ಬಾಯಲ್ಲಿ ಮಾತು ಬಂದು ಕುಳಿತಿದ್ದು ನನಗೆ ಕಾಣುತ್ತಿತ್ತು.

“ಬಿಡಿ ವಸುಧಾ” ಎಂದರು. “ಎಂತಕ್ಕೆ ಗಲಾಟೆ.”

ನವೀನನ ಹೆಸರನ್ನು ಯಾರೋ ಸೂಚಿಸಿದರು, ಇನ್ನಾರೋ ಅನುಮೋದಿಸಿದರು. ಒಪ್ಪಿಗೆಯೇ ಎಂದು ಶ್ರೀಧರ ಕೇಳಿದಾಗ ಅವನು ಒಂದೇ ಸಲಕ್ಕೆ “ಯೆಸ್” ಎಂದ. ಎದುರಾಳಿ ಇಲ್ಲದ ಕಾರಣ ಅವಿರೋಧ ಆಯ್ಕೆ ಎಂದು ಘೋಷಣೆಯಾಯಿತು. ಗುಪ್ತ ಮತದಾನಕ್ಕಾಗಿ ಅಷ್ಟೆಲ್ಲ ಹೋರಾಡಿದ ಸುಧಾರಣೆ ಚಪ್ಪಾಳೆಯಲ್ಲೇ ಮುಗಿಯಿತು. ಸ್ಟೆಲ್ಲಾ ಆಂಟಿಯೂ ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದು ಹೋಗಿ, ಯಾವಾಗಿನಂತೆ, ಎಲ್ಲರಿಗೂ ಚಹಾ ಬಗ್ಗಿಸಿದರು.

ಕಾರು ಹೊರಡಿಸಿ ಶ್ರೀಧರ ವೈಪರ್ ಹಾಕಿದರು. “ಅವರು ಬೇಡ ಅಂದ್ರು ಕಣೆ. ನಾನು ಬರ್ಕೊಂಡೆ. ನಾನಿನ್ನೇನು ಮಾಡೋಕಾಗ್ತಿತ್ತು?”

“ನಮ್ಮಮ್ಮ ಮೊದಲನೇ ಸಲ ಒಬ್ಬಟ್ಟು ಬಡಿಸಿದಾಗ ನೀವೂ ಬೇಡ ಅಂದಿದ್ರಿ. ಬರ್ಕೊಂಡ್ರಾ ಅವರು? ಮೂರು ತಿಂದ್ರಿ.”

“ಅದು ಬೇರೆ, ಇದು ಬೇರೆ.”

“ಏನು ಬೇರೆ ಹೇಳಿ. ಡಾಕ್ಟರಿಗೆ ಮೂರು ಸಲ ಕೇಳಿದ್ರಿ. ಇವರಿಗೆ ಒಂದು ಸಲ ಸಾಕಾಯ್ತು. ಅದನ್ನ ಹೇಳಿ.”

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅನಘಾ “ಡಿಡ್ ಆಂಟಿ ಲೂಸ್?” ಎಂದು ಕೇಳಿದಳು. ಸೋಲಲಿಕ್ಕೆ ಆಟ ಆಡಿಸಿದ್ದರೆ ತಾನೆ ಎಂದೆ. ಮತ ಬೀಳದೆ ಮನೆಗೆ ಬಂದ ಖಾಲಿ ಡಬ್ಬಿಯಲ್ಲಿ ಮಾರನೆಯ ದಿನ ಮಿಕ್ಕ ಹುಳಿ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಮುಚ್ಚಳದಲ್ಲಿ ಸೀಳು ಇದೆ ಎಂಬುದು ಅದು ಮಗುಚಿದಾಗ ನೆನಪಾಯಿತು. ಒರೆಸುತ್ತಾ ಕುಳಿತು ಅತ್ತೆ. ಸಿಟ್ಟಿಗೆ ಅತ್ತದ್ದು, ದುಃಖಕ್ಕಲ್ಲ.

ಮುಂದಿನ ಶನಿವಾರ ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. “ಮಕ್ಕಳದ್ದೆಂತ ತಪ್ಪು?” ಎಂದರು ಸ್ಟೆಲ್ಲಾ ಆಂಟಿ. ಸಭೆಯ ಮಾತೆತ್ತಿದರೆ “ನಾನೇ ಬೇಡ ಅಂದದ್ದಲ್ವಾ” ಎಂದು ಮುಗಿಸುತ್ತಿದ್ದರು. ಆ ಮಾತನ್ನು ಅವರು ಅಷ್ಟು ಸಲ ಹೇಳಿದರೆಂದರೆ, ಕೊನೆಗೆ ಅವರೇ ನಂಬಲು ಹೊರಟಿದ್ದಾರೇನೋ ಎಂದು ನನಗೆ ಭಯವಾಯಿತು.

ಸೆಪ್ಟೆಂಬರಿನ ಗಾಳಿಯಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಗಿರಗಿರನೆ ತಿರುಗುವ ದಿನಗಳಲ್ಲಿ, ನಾನು ನನ್ನ ಪ್ರಬಂಧದ ಅತ್ಯಂತ ಹೊಲಸು ಅಧ್ಯಾಯ ಬರೆಯುತ್ತಿದ್ದೆ. ಹಲ್ಲಿನ ಅಧ್ಯಕ್ಷ ಹಳೆಯ ಪಕ್ಷದಲ್ಲಿ ಜಾಗ ಸಿಗದೆ ಹೊಸ ಪಕ್ಷ ಕಟ್ಟಿದ. ಶಿಕಾಗೋದಲ್ಲಿ ಅದರ ಮಹಾಸಭೆ. ಜನ ಭಜನೆಯಂತೆ ಸ್ತೋತ್ರ ಹಾಡಿದರು, ಕಣ್ಣೀರು ಹಾಕಿದರು. ಹೆಂಗಸರಿಗೆ ವೋಟು, ಮಕ್ಕಳ ದುಡಿಮೆಗೆ ಕೊನೆ, ಕಾರ್ಮಿಕರಿಗೆ ರಕ್ಷಣೆ, ಏನೇನು ಒಳ್ಳೆಯದುಂಟೋ ಅದೆಲ್ಲ ಆ ಸಭೆಯಲ್ಲಿತ್ತು. ಆದರೆ ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಪ್ರತಿನಿಧಿಗಳಿಗೆ ಮಾತ್ರ ಕುರ್ಚಿ ಕೊಡಲಿಲ್ಲ. ಅಲ್ಲಿನ ಬಿಳಿಯರ ವೋಟು ಬೇಕಿತ್ತು. ಇದರಿಂದ ಮುಂದೆ ನಿಮಗೇ ಒಳ್ಳೆಯದಾಗುತ್ತದೆ ಎಂದೂ ಅವರಿಗೆ ತಿಳಿಹೇಳಿದರು. ಆ ಭಾಗ ಓದುವಾಗ ನನಗೆ ನವೀನ್ ಬಂದ ದಿನದ ಹುಳಿಯ ಒಗ್ಗರಣೆಯ ವಾಸನೆ ಬಂದಂತಾಗಿ ಪುಸ್ತಕ ಮುಚ್ಚಿಟ್ಟೆ. ಅಷ್ಟಾಗಿಯೂ ಅವನು ಸೋತ. ಗೆದ್ದ ಮೇಷ್ಟ್ರೂ ಸುಧಾರಕರೇ. ಅವರ ಆಡಳಿತದಲ್ಲಿ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ಗುಮಾಸ್ತರನ್ನು ಬೇರೆ ಕೂರಿಸಿದರು.

ಇದನ್ನು ಸ್ಟೆಲ್ಲಾ ಆಂಟಿಗೆ ಹೇಳಬೇಕೆಂದಿರಲಿಲ್ಲ. ಅವರೇ ಕೆದಕಿ ಕೇಳಿದರು. ಕೇಳಿ ಚಹಾದ ಕಪ್ಪುಗಳನ್ನು ತೊಳೆಯತೊಡಗಿದರು.

“ಅಷ್ಟು ದೂರದಿಂದ ರೈಲಲ್ಲಿ ಬಂದವರನ್ನಾ? ಊಟವಾದ್ರೂ ಹಾಕಿದ್ರಾ?”

ನನ್ನ ಬಳಿ ಇದ್ದ ಯಾವ ದಾಖಲೆಯಲ್ಲೂ ಅದಿರಲಿಲ್ಲ. ಗೊತ್ತಿಲ್ಲ ಎಂದೆ.

“ಮತ್ತೆ ಅವರು? ಸುಮ್ಮನೆ ಹೋದದ್ದಾ?”

“ಇಲ್ಲ ಆಂಟಿ. ಪ್ರತಿಭಟಿಸಿದ್ರು. ಪತ್ರಿಕೆಗಳಲ್ಲಿ ಬರೆದ್ರು. ಆ ಪಕ್ಷಕ್ಕೆ ನಮ್ಮ ವೋಟಿಲ್ಲ ಅಂದವರೂ ಇದ್ದರು.”

“ಒಳ್ಳೇದು ಮಾಡಿದ್ರು” ಎಂದು ಕಪ್ಪುಗಳನ್ನು ಬೋರಲು ಹಾಕಿದರು.

ನವೆಂಬರಿನಲ್ಲಿ ರಾಜ್ಯೋತ್ಸವ. ಮಕ್ಕಳಿಗೆ ಹಾಡು ಕಲಿಸಿದ್ದು ಅವರೇ ಆದ್ದರಿಂದ ಬಂದಿದ್ದರು. ಹಸಿರು ಸೀರೆಯಲ್ಲ, ಸಾದಾ ಸಲ್ವಾರ್. ಪಟಕ್ಕೆ ಆ ವರ್ಷ ಅಂಗಡಿಯ ಹಾರ ಬಂದಿತ್ತು, ಆಂಟಿಗೆ ತೊಂದರೆ ಕೊಡಬಾರದೆಂದು ಅಧ್ಯಕ್ಷರೇ ತರಿಸಿದ್ದರಂತೆ. ನವೀನ್ ರೇಷ್ಮೆ ಜುಬ್ಬಾ ತೊಟ್ಟು ದೀಪ ಹಚ್ಚಿದ. ಅದೇ ವಾರ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದಿತ್ತು. ಅದನ್ನು ನೆನೆದು, ನಮ್ಮ ಪುಟ್ಟ ಸಂಘದಲ್ಲೂ ಪ್ರಜಾಪ್ರಭುತ್ವ ಬೇರೂರಿದೆ ಎಂದು ಭಾಷಣ ಮಾಡಿದ. ನಾನು ಶ್ರೀಧರನ ಮುಖ ನೋಡಿದೆ. ಅವರು ಕಾರ್ಯಕ್ರಮದ ಪಟ್ಟಿಯನ್ನು ನೋಡುತ್ತಿದ್ದರು.

ಮಕ್ಕಳ ಹಾಡು ಮುಗಿದ ಮೇಲೆ ನವೀನ್ ಮೈಕ್ ಹಿಡಿದ. ಕೈಯಲ್ಲಿ ಶಾಲು. “ನಮ್ಮ ಸಂಘಕ್ಕಾಗಿ ಇಷ್ಟು ವರ್ಷ ದುಡಿದ ಸ್ಟೆಲ್ಲಾ ಆಂಟಿ ಅವರನ್ನ ಈ ಸಂಘದ ಗೌರವಾಧ್ಯಕ್ಷೆ ಅಂತ ಘೋಷಿಸ್ತಿದೀವಿ. ಆಂಟಿ, ದಯವಿಟ್ಟು ವೇದಿಕೆಗೆ ಬನ್ನಿ.” ಗೌರವಾಧ್ಯಕ್ಷೆಗೆ ಯಾವ ಅಧಿಕಾರವೂ ಇಲ್ಲ ಎಂದು ಹೊಸ ನಿಯಮದಲ್ಲೇ ಇತ್ತು.

ಅವರು ಕುಳಿತಲ್ಲೇ ತಲೆ ಅಲ್ಲಾಡಿಸಿದರು.

“ಬನ್ನಿ ಆಂಟಿ, ಸಂಕೋಚ ಪಟ್ಕೋಬೇಡಿ.” ಚಪ್ಪಾಳೆ ಶುರುವಾಯಿತು. ಈಗ ಎಲ್ಲರಿಗೂ ಪದ್ಧತಿ ನೆನಪಾಗಿತ್ತು. ಪಕ್ಕದ ಹೆಂಗಸರು ಕೈ ಹಿಡಿದು ಎಬ್ಬಿಸತೊಡಗಿದರು. “ಹೋಗಿ ಆಂಟಿ, ಬೇಡ ಅನ್ಬಾರ್ದು” ಎಂದು ಯಾರೋ ಬೆನ್ನು ಸವರಿದರು. ಸ್ಟೆಲ್ಲಾ ಆಂಟಿ ಎದ್ದು ನಿಂತರು. ಎಲ್ಲರೂ ಗೆದ್ದೆವೆಂಬಂತೆ ನಕ್ಕರು.

“ನೋ, ಥ್ಯಾಂಕ್ ಯೂ, ನವೀನ್” ಎಂದರು. ರೆಸ್ಟ್ ಹೋಮಿನಲ್ಲಿ ಹೊರಗಿನವರಿಗೆ ಹೇಳುವಂಥ ದನಿ. “ಐ ಹ್ಯಾವ್ ಟು ಗೋ ನೌ.” ಅಷ್ಟು ವರ್ಷದಲ್ಲಿ ಅವರು ನಮ್ಮಲ್ಲಿ ಯಾರೊಡನೆಯೂ ಒಂದು ವಾಕ್ಯ ಇಂಗ್ಲಿಷ್ ಆಡಿದ್ದನ್ನು ನಾನು ಕೇಳಿರಲಿಲ್ಲ. ಚೀಲ ತೆಗೆದುಕೊಂಡು ನಡುವಿನ ದಾರಿಯಲ್ಲಿ ನಡೆದು ಹೊರಟರು. ಅವರು ಬಾಗಿಲು ದಾಟುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬರು, ಕೇಳಲಿ ಎಂದೇ, “ನೋಡಿದ್ರಾ, ರಾಜ್ಯೋತ್ಸವದ ದಿನ ಇಂಗ್ಲಿಷು. ಇನ್ನೇನು ಬೇಕು ಹೇಳಿ” ಎಂದರು. ಇಬ್ಬರು ನಕ್ಕರು.

ನಾನು ಓಡಿದೆ. ಕಾರ್ ಪಾರ್ಕಿನಲ್ಲಿ ಗಾಳಿ ಕೂದಲನ್ನು ಮುಖಕ್ಕೆ ಹೊಡೆಯುತ್ತಿತ್ತು. ಅವರು ಕೀ ಹಿಡಿದು, ಕಾರಿನ ಬಾಗಿಲು ತೆಗೆಯದೆ ನಿಂತಿದ್ದರು. ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದಿರಿ ಎಂದು ಹೊಗಳಲು ಬಂದವಳು, ಅದರ ಬದಲು ನನ್ನ ಮನಸ್ಸಿಗೆ ಚುಚ್ಚಿದ್ದನ್ನೇ ಕೇಳಿಬಿಟ್ಟೆ.

“ಕನ್ನಡದಲ್ಲೇ ಬೇಡ ಅನ್ಬಹುದಿತ್ತಲ್ಲ ಆಂಟಿ. ಈಗ ಅದನ್ನೇ ಹಿಡ್ಕೊಂಡು ಆಡ್ತಾರೆ.”

ಅವರು ನನ್ನ ಕಡೆ ನೋಡಲಿಲ್ಲ.

“ಕನ್ನಡದಲ್ಲಿ ಬೇಡ ಅಂದಿದ್ರೆ ಇನ್ನೊಂದು ಸಲ ಕರೀತಿದ್ರು ವಸುಧಾ” ಎಂದರು. “ಇನ್ನೊಂದು ಸಲ ಕರೆದಿದ್ರೆ ನಾನು ಹೋಗ್ತಿದ್ದೆ.”